ಸರ್ಕಾರದ ಸಹಾಯಧನವೂ ನವಲಗುಂದದ ಜಮಖಾನೆಯೂ

ಸಹಾಯಧನವೆಂಬ ಮಾತು ನಮ್ಮಂಥ ಶಾಲೆಗಳಿಗೆ ಹೊಸದಲ್ಲ. 1854ನೆಯ ಇಸವಿಯಲ್ಲಿ ಸರ್ ಚಾರ್ಲ್ಸ್ ವುಡ್ಡರು ಹಿಂದುಸ್ಥಾನದ ವಿದ್ಯಾಭ್ಯಾಸದ ಕುರಿತು ಕಳುಹಿದ ಲೇಖದಿಂದಲೇ ಖಾಸಗಿ ಶಾಲೆಗಳಿಗೆ ಗ್ರಾಂಟು ಕೊಡುವ ಪದ್ಧತಿಯು ನೆಲೆಗೊಂಡಿತು. ಮಿಶನ್ ಶಾಲೆಗಳು ಅದರಿಂದ ಬಹಳ ಉಪಕಾರ ಹೊಂದಿದವು. ಆದರೆ ಆ ಹಣವು ಬರಿಗೈಯಲ್ಲಿ ಬರಲಿಲ್ಲ. ಶಾಲೆಗೆ ಸ್ಥಳೀಯ ಆಡಳಿತವು ಸರಿಯಾಗಿರಬೇಕು, ಇನ್‌ಸ್ಪೆಕ್ಟರರ ತಪಾಸಣೆಗೆ ಒಪ್ಪಬೇಕು, ಸಾಮಾನ್ಯವಾಗಿ ಮಕ್ಕಳಿಂದ ಅಲ್ಪವಾದರೂ ಫೀ ಪಡೆಯಬೇಕು ಎಂಬ ನಿಬಂಧನೆಗಳಿದ್ದವು. ಕೊಡುವವರು ಮೊದಲು ಪಡೆಯುವವರ ಲೆಕ್ಕವನ್ನು ನೋಡುವರು. ಇಂದು ಸ್ವಂತ ಉದ್ಯೋಗ ಹೂಡಬೇಕೆನ್ನುವ ಹೆಣ್ಣುಮಕ್ಕಳೂ ಇದೇ ಪಾಠವನ್ನು ಕಲಿಯಬೇಕಾಗಿದೆ.

ನಮ್ಮ ನವಲಗುಂದದ ಜಮಖಾನೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಮನೆಯೊಳಗೆ ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕುಳಿತು ಹತ್ತಿಯ ನೂಲಿನಲ್ಲಿ ನವಿಲನ್ನೂ ಪಗಡೆಯ ಹಾಸನ್ನೂ ಮೂಡಿಸುವವರು ಹೆಂಗಸರೇ. 2011ರಲ್ಲಿ ಇದಕ್ಕೆ ಭೌಗೋಲಿಕ ಸೂಚಿಯ ಮಾನ್ಯತೆ ದೊರೆಯಿತು. ಹೆಸರು ದೊಡ್ಡದಾಯಿತು, ಆದರೂ ನೇಯುವ ಕೈಗಳು ಕಡಿಮೆಯಾಗುತ್ತ ಬಂದಿವೆ. ಮಾನ್ಯತೆಯ ಪತ್ರದಿಂದ ನೂಲು ಕೊಳ್ಳಲಾಗುವದಿಲ್ಲವಷ್ಟೆ.

ಹೊಸದಾಗಿ ಮಗ್ಗ ಹೂಡುವವಳಿಗೆ 2008ರಲ್ಲಿ ಆರಂಭವಾದ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮವು ಒಂದು ದಾರಿಯಾಯಿತು. 2022ರಲ್ಲಿ ತಿದ್ದಿದ ಅದರ ನಿಯಮಗಳನ್ನು ಇಲ್ಲಿ ವಿವರಿಸುವೆವು. ಸ್ತ್ರೀಯರು ಇದರಲ್ಲಿ ವಿಶೇಷ ವರ್ಗಕ್ಕೆ ಸೇರಿದವರು. ಒಟ್ಟು ವೆಚ್ಚದಲ್ಲಿ ನೂರಕ್ಕೆ 5ರಷ್ಟನ್ನು ಅವರು ತಾವೇ ಹಾಕತಕ್ಕದ್ದು. ಸಹಾಯಧನವು ಹಳ್ಳಿಯಲ್ಲಿ ನೂರಕ್ಕೆ 35, ಪಟ್ಟಣದಲ್ಲಿ 25. ನವಲಗುಂದವು ಪುರಸಭೆಯ ಊರಾದ್ದರಿಂದ ಪಟ್ಟಣದ ಲೆಕ್ಕಕ್ಕೆ ಬರುವದು. ಮೊರಬದಂಥ ಹಳ್ಳಿಯಲ್ಲಿ ಮಗ್ಗ ಹೂಡಿದರೆ ಹೆಚ್ಚಿನ ದರ.

ಎರಡು ಲಕ್ಷ ರೂಪಾಯಿಯ ಕೆಲಸವೆಂದು ಎಣಿಸಿರಿ. ನವಲಗುಂದದ ಹೆಣ್ಣುಮಗಳು ತನ್ನ ಕೈಯಿಂದ 10,000 ಹಾಕುವಳು, ಬ್ಯಾಂಕು 1,90,000 ಸಾಲ ಕೊಡುವದು, ಸಹಾಯಧನ 50,000. ಈ 50,000 ಅವಳ ಕೈಗೆ ಬರುವದೇ ಇಲ್ಲ! ಇದನ್ನು ತಿಳಿಯದೆ ಎಷ್ಟೋ ಮನೆಗಳಲ್ಲಿ ಆಸೆಯೂ ಕಲಹವೂ ಹುಟ್ಟುತ್ತವೆ. ಆ ಹಣವು ಅವಳ ಹೆಸರಿನಲ್ಲಿ ಬ್ಯಾಂಕಿನಲ್ಲಿಯೇ ಮೂರು ವರುಷ ಠೇವಣಿಯಾಗಿರುವದು. ಅದಕ್ಕೆ ಬಡ್ಡಿ ಬಾರದು. ಅಷ್ಟೇ ಮೊತ್ತದ ಸಾಲಕ್ಕೂ ಬಡ್ಡಿ ಹತ್ತದು. ಉದ್ಯೋಗವು ನಡೆಯುತ್ತಿದೆಯೆಂದು ಪರೀಕ್ಷಿಸಿದ ಮೇಲೆಯೇ ಅದು ಸಾಲಕ್ಕೆ ಜಮೆಯಾಗುವದು. ಉಳಿದ 1,40,000 ರೂಪಾಯಿಯನ್ನೂ ಅದರ ಬಡ್ಡಿಯನ್ನೂ ಜಮಖಾನೆಯ ಮಾರಾಟದಿಂದಲೇ ತೀರಿಸಬೇಕು. ಆದುದರಿಂದ ಸಹಾಯಧನದ ಅರ್ಜಿಯೆಂದರೆ ನಿಜವಾಗಿ ಸಾಲದ ಅರ್ಜಿಯೇ.

ಹೀಗಿರುವದರಿಂದ ಬ್ಯಾಂಕಿನವರು ನೋಡುವದು ಬಡತನವನ್ನಲ್ಲ, ಲೆಕ್ಕವನ್ನು. ಒಂದು ಜಮಖಾನೆಗೆ ನೂಲು ಎಷ್ಟು, ಬಣ್ಣ ಎಷ್ಟು, ಎಷ್ಟು ದಿನದ ನೇಯ್ಗೆ, ಕೊಳ್ಳುವವರು ಯಾರು, ಹಣ ಕೈಗೆ ಬರಲು ಎಷ್ಟು ತಿಂಗಳು ಎಂಬುದನ್ನು ಬರೆದು ತೋರಿಸಬೇಕು. ನಮ್ಮ ಹೆಂಗಸರು ಈ ಪಟ್ಟಿಯಲ್ಲಿ ನೂಲನ್ನು ಮರೆಯುವದಿಲ್ಲ, ತಮ್ಮ ಕೂಲಿಯನ್ನು ಮಾತ್ರ ಮರೆಯುವರು. ಮನೆಯಲ್ಲಿ ಕುಳಿತು ಮಾಡಿದ ಕೆಲಸಕ್ಕೆ ಕೂಲಿಯೇನು ಎಂದು ಅವರ ಎಣಿಕೆ. ಕೂಲಿಯನ್ನು ಬಿಟ್ಟು ಬೆಲೆ ಕಟ್ಟಿದರೆ ಲಾಭವು ಕಾಗದದ ಮೇಲೆ ಕಾಣುವದು, ಕಂತು ಕಟ್ಟುವ ದಿನ ಕಾಣದು. ಶಾಲೆ ಕಲಿತ ಮಗಳು ತಾಯಿಯ ಬಳಿ ಕುಳಿತು ಒಂದು ತಿಂಗಳ ನೇಯ್ಗೆಯನ್ನು ದಿನದಿನವೂ ವಹಿಯಲ್ಲಿ ಬರೆದರೆ ಈ ಕೊರತೆ ಸುಲಭವಾಗಿ ನೀಗುವದು.

ಇನ್ನು ಕೆಲವು ಸಂಗತಿಗಳು. ಭೂಮಿಯ ಬೆಲೆಯನ್ನು ವೆಚ್ಚದಲ್ಲಿ ಸೇರಿಸಕೂಡದು. ಈಗಾಗಲೇ ನಡೆದಿರುವ ಉದ್ಯೋಗಕ್ಕೂ, ಬೇರೆ ಯೋಜನೆಯಲ್ಲಿ ಸರ್ಕಾರದ ಸಹಾಯಧನ ಪಡೆದ ಉದ್ಯೋಗಕ್ಕೂ ಹೊಸ ಉದ್ಯೋಗದ ಈ ಸಹಾಯಧನ ಸಲ್ಲದು. ಹತ್ತು ಲಕ್ಷದವರೆಗಿನ ಸಾಲಕ್ಕೆ ಮನೆ ಹೊಲಗಳನ್ನು ಅಡವಿಡಬೇಕಾಗಿಲ್ಲ. ಹಾಗೆ ಕೇಳಿದರೆ ವಿನಯದಿಂದಲೇ ನಿಯಮವನ್ನು ಜ್ಞಾಪಿಸಬಹುದು.

ಕಡೆಯದಾಗಿ ಮಧ್ಯಸ್ಥರ ವಿಷಯ. ಅರ್ಜಿಗೆ ಯಾವ ಶುಲ್ಕವೂ ಇಲ್ಲ, ದಲ್ಲಾಳಿಯನ್ನು ಯಾರೂ ನೇಮಿಸಿಲ್ಲ. ಮಂಜೂರಾಗುವ ಮುನ್ನವೇ ಪಾಲು ಕೇಳುವವನನ್ನು ಬಾಗಿಲಿನಿಂದಲೇ ಕಳುಹಿಸತಕ್ಕದ್ದು. ಸಂಶಯವಿದ್ದರೆ ಧಾರವಾಡದ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ತಾವೇ ಹೋಗಿ ಆ ವರುಷ ಯಾವ ನಿಯಮ ಜಾರಿಯಲ್ಲಿದೆಯೆಂದು ವಿಚಾರಿಸಿರಿ. ಹೋಗುವಾಗ ಆ ಒಂದು ತಿಂಗಳ ವಹಿಯನ್ನು ಜೊತೆಗೆ ಒಯ್ಯಿರಿ.