ಟೈರಿನ ಒಳಗಿನ ಅಂಚು ಮುಟ್ಟಿ ನೋಡಿದೆಯಾ?

ಅಳಿಯಾ, ಮೊನ್ನೆ ಫೋನಿನಲ್ಲಿ "ಮಾಮಾ, ಮುಂದಿನ ಎರಡೂ ಟೈರ್ ಹೋಗ್ಯಾವ, ಹೊಸಾವು ಹಾಕಸ್ತೀನಿ" ಅಂದೆ. ಯಾವ ಕಡೆ ಸವೆದಿವೆ ಅಂತ ಕೇಳಿದರೆ ನಿನ್ನ ಹತ್ತಿರ ಉತ್ತರ ಇರಲಿಲ್ಲ. ಆ ಉತ್ತರ ಸಿಗುವ ತನಕ ರೊಕ್ಕ ಬಿಚ್ಚಬೇಡ. ಸವೆಯಲು ಕಾರಣ ಏನೋ ಅದು ಗಾಡಿಯೊಳಗೇ ಉಳಿದರೆ ಹೊಸ ಟೈರನ್ನೂ ಅದು ಹಾಗೇ ತಿನ್ನುತ್ತದೆ.

ನನಗೆ ಇದು ತಿಳಿದದ್ದು ವಾಡಿಯಿಂದ ಚಿತ್ತಾಪುರಕ್ಕೆ ಬರುವಾಗ, ಸುಡುವ ಬಿಸಿಲಿನಲ್ಲಿ. ಟೈರ್ ಹಾಕಿಸಿ ವರ್ಷ ತುಂಬಿರಲಿಲ್ಲ. ಎಡಗಡೆ ಮುಂದಿನ ಗಾಲಿ ಪಂಚರ್ ಆಯಿತು. ಪಂಚರ್ ಅಂಗಡಿಯ ಹುಡುಗ ಗಾಲಿ ಬಿಚ್ಚಿ ನೆಲಕ್ಕೆ ಮಲಗಿಸಿ, ನನ್ನನ್ನು ಹತ್ತಿರ ಕರೆದು ಒಳಗಿನ ಅಂಚು ತೋರಿಸಿದ. ಹೊರಗಿನಿಂದ ನೋಡಿದರೆ ಹೊಸದರಂತೆ ಗೀರು ಗೀರು ಎದ್ದು ಕಾಣುತ್ತಿದ್ದ ಟೈರು ಅದು. ಒಳಗಡೆ ಎರಡು ಬೆರಳಗಲ ರಬ್ಬರೇ ಇರಲಿಲ್ಲ. ತಂತಿ ಹೊರಗೆ ಬಂದು ಬೆರಳಿಗೆ ಚುಚ್ಚುತ್ತಿತ್ತು. ಹಿಂದಿನ ದಿನ ಅದೇ ಗಾಡಿಯಲ್ಲಿ ನಿಮ್ಮತ್ತಿಯನ್ನೂ ಮಕ್ಕಳನ್ನೂ ಕೂರಿಸಿಕೊಂಡು, ಎದುರಿಗೆ ಸಿಮೆಂಟ್ ಲಾರಿಗಳು ಬರುತ್ತಿದ್ದ ಹಾದಿಯಲ್ಲಿ ಓಡಿಸಿದ್ದೆ. ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಅವತ್ತಿನಿಂದ ತಿಂಗಳಿಗೊಮ್ಮೆ ಗಾಡಿ ಪಕ್ಕ ಕುಕ್ಕರಗಾಲಲ್ಲಿ ಕೂತು, ಸ್ಟೇರಿಂಗನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿ, ಟೈರಿನ ಮೈ ಮೇಲೆ ಅಂಗೈ ಆಡಿಸುತ್ತೇನೆ. ಹೊರಗಿನಿಂದ ಒಳಕ್ಕೆ ಒಮ್ಮೆ, ಒಳಗಿನಿಂದ ಹೊರಕ್ಕೆ ಒಮ್ಮೆ. ಒಂದು ಕಡೆಗೆ ಸವರಿದರೆ ನಯವಾಗಿದ್ದು, ವಾಪಸ್ ಬರುವಾಗ ಗರಗಸದ ಹಲ್ಲಿನ ಹಾಗೆ ಕೈಗೆ ತಾಗಿದರೆ, ಗಾಲಿಗಳು ಒಂದಕ್ಕೊಂದು ನೇರ ನಿಂತಿಲ್ಲ ಅಂತ ಅರ್ಥ. ಗ್ಯಾರೇಜಿನವರು ಇದನ್ನು ಟೋ ಅನ್ನುತ್ತಾರೆ. ಎರಡು ಮುಂಗಾಲಿಗಳ ಮುಂದಿನ ಅಂಚು ಒಳಕ್ಕೆ ಮುಚ್ಚಿಕೊಂಡಿದ್ದರೆ ಟೈರಿನ ಹೊರಮಗ್ಗುಲು ಹೋಗುತ್ತದೆ, ಹೊರಕ್ಕೆ ತೆರೆದುಕೊಂಡಿದ್ದರೆ ಒಳಮಗ್ಗುಲು. ಹಲ್ಲು ಏನೂ ಇಲ್ಲದೆ ಒಂದೇ ಮಗ್ಗುಲು ನುಣ್ಣಗೆ ಸವೆದಿದ್ದರೆ ಅದು ಕ್ಯಾಂಬರ್, ಗಾಲಿ ಮೇಲಿನಿಂದ ಕೆಳಕ್ಕೆ ನೆಟ್ಟಗೆ ನಿಲ್ಲದೆ ವಾಲಿದೆ. ಎರಡೂ ಮಗ್ಗುಲು ಹೋಗಿ ನಡು ಉಳಿದಿದ್ದರೆ ಹವಾ ಕಮ್ಮಿ ಇಟ್ಟು ಓಡಿಸಿದ್ದೀಯ. ನಡು ಹೋಗಿ ಮಗ್ಗುಲು ಉಳಿದಿದ್ದರೆ ಹವಾ ಜಾಸ್ತಿ. ಅಲ್ಲಲ್ಲಿ ಗುಳಿ ಬಿದ್ದ ಹಾಗೆ ಸವೆದಿದ್ದರೆ ಮೊದಲು ಶಾಕ್ ಅಬ್ಸಾರ್ಬರ್ ನೋಡಿಸು.

ಒಂದು ಲೆಕ್ಕ ಹೇಳುತ್ತೇನೆ. 14 ಇಂಚಿನ ರಿಮ್ಮಿನ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ ನಡುವೆ ಬರೀ 2 ಮಿಲಿಮೀಟರ್ ಓರೆ ಇದೆ ಅನ್ನು. ಆ ಗಾಲಿ ಒಂದು ಕಿಲೋಮೀಟರ್ ಉರುಳುವಷ್ಟರಲ್ಲಿ ಐದು ಮೀಟರಿಗಿಂತ ಹೆಚ್ಚು ಅಡ್ಡಕ್ಕೆ ಉಜ್ಜಿಕೊಂಡು ಹೋಗುತ್ತದೆ. ಐವತ್ತು ಕಿಲೋಮೀಟರ್ ಓಡಿಸಿದರೆ ಕಾಲು ಕಿಲೋಮೀಟರಿಗೂ ಮೇಲೆ. ದಿನಾ ಕಲಬುರಗಿಗೆ ಹೋಗಿ ಬರುವವನು ನೀನು. ರಬ್ಬರು ಎಲ್ಲಿ ಹೋಯಿತು ಅಂತ ನೀನೇ ಗುಣಿಸಿ ನೋಡು.

ನಮ್ಮ ಅಪ್ಪನ ಎತ್ತಿನ ಬಂಡಿಗೆ ಈ ಕಾಟ ಇರಲಿಲ್ಲ. ಎರಡೂ ಗಾಲಿ ಒಂದೇ ಅಚ್ಚಿನ ಮೇಲೆ. ಎತ್ತು ತಿರುಗಿದರೆ ಬಂಡಿ ಇಡಿಯಾಗಿ ತಿರುಗುತ್ತಿತ್ತು. ಮುಂದಿನ ಎರಡು ಗಾಲಿಗಳನ್ನು ಬೇರೆ ಬೇರೆಯಾಗಿ ತಿರುಗಿಸಿ, ನಡುವೆ ಸರಳಿನಿಂದ ಜೋಡಿಸುವ ಯುಕ್ತಿಯನ್ನು ಮ್ಯೂನಿಕ್‌ನ ಸಾರೋಟು ತಯಾರಕ ಲಾಂಕೆನ್ಸ್‌ಪರ್ಗರ್ ಕಂಡುಹಿಡಿದ. 1818ರಲ್ಲಿ ಲಂಡನ್ನಿನಲ್ಲಿ ರುಡಾಲ್ಫ್ ಆಕರ್ಮನ್ ಅದಕ್ಕೆ ಪೇಟೆಂಟ್ ಪಡೆದ. ಕುದುರೆ ಸಾರೋಟಿಗೆ ಅಂತ ಹುಟ್ಟಿದ ಅದೇ ಯುಕ್ತಿ ನಿನ್ನ ಕಾರಿನಲ್ಲೂ ಇದೆ. ಆ ಸರಳಿಗೇ ಈಗ ಟೈ ರಾಡ್ ಅನ್ನುವುದು. ಅದು ಕೂದಲೆಳೆಯಷ್ಟು ಬಾಗಿದರೂ, ಅದರ ತುದಿಯ ಗುಂಡು ಸಡಿಲಾದರೂ ಗಾಲಿಯ ನೇರ ಕೆಡುತ್ತದೆ.

ನಮ್ಮ ಕಡೆ ಅದು ಬಾಗದೆ ಇರುತ್ತದೆಯೇ? ಸೇಡಂ, ಮಳಖೇಡ, ವಾಡಿ, ಎಲ್ಲಾ ಕಡೆ ಸಿಮೆಂಟ್ ಕಾರ್ಖಾನೆ. ಶಹಾಬಾದಿನಲ್ಲಿ ಕಲ್ಲಿನ ಗಣಿ. ಹಗಲು ರಾತ್ರಿ ತುಂಬಿದ ಲಾರಿಗಳು. ರಸ್ತೆಯ ಕೆಳಗೆ ಇರುವುದು ಎರೆಮಣ್ಣು. ಮಳೆಗಾಲದಲ್ಲಿ ಅದು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಅದರ ಮೇಲಿನ ಡಾಂಬರು ಸಮ ಉಳಿಯುವುದು ಕಷ್ಟ. ಎದುರಿಗೆ ಲಾರಿ ಬಂತು ಅಂದರೆ ನಾವು ಎಡಗಾಲಿ ಎರಡನ್ನೂ ಡಾಂಬರಿನಿಂದ ಕೆಳಗಿಳಿಸುತ್ತೇವೆ. ಅಂಚು ಒಡೆದ ಕಡೆ ಗೇಣುದ್ದ ಮೆಟ್ಟಿಲು ಇಳಿದ ಹಾಗೆ ಗಾಲಿ ಧಡ್ ಅನ್ನುತ್ತದೆ. ಮತ್ತೆ ಮೇಲೆ ಹತ್ತುವಾಗ ಇನ್ನೊಂದು ಹೊಡೆತ. ಹೀಗೆ ಇಳಿಯಲೇಬೇಕಾದರೆ ವೇಗ ಪೂರ್ತಿ ತಗ್ಗಿಸಿ ಇಳಿ, ಹತ್ತುವಾಗ ಗಾಲಿಯನ್ನು ಅಂಚಿಗೆ ಉಜ್ಜದೆ ಸ್ವಲ್ಪ ಓರೆಯಾಗಿ ಹತ್ತಿಸು. ಕಾಗಿಣಾ ತುಂಬಿ ಮಳಖೇಡದ ಸೇತುವೆ ಮುಳುಗಿ ನೀರು ಇಳಿದ ಮೇಲೆ, ಕೆಸರು ತುಂಬಿದ ಗುಂಡಿ ನೆಲದ ಹಾಗೇ ಕಾಣುತ್ತದೆ. ಆ ದಿನಗಳಲ್ಲಿ ಮುಂದಿನ ಗಾಡಿಯ ಗಾಲಿ ಎಲ್ಲಿ ಮುಳುಗುತ್ತದೆ ಅಂತ ನೋಡಿಕೊಂಡೇ ಹೋಗು.

ಈಗ ಅಲೈನ್‌ಮೆಂಟ್ ಮಾಡಿಸಲು ಹೋದಾಗಿನ ಮಾತು. ಬಹಳ ಜನ ಗಾಡಿ ಬಿಟ್ಟು ಚಹಾ ಕುಡಿಯಲು ಹೋಗುತ್ತಾರೆ. ನೀನು ಅಲ್ಲೇ ನಿಲ್ಲು. ಯಂತ್ರ ಹಚ್ಚುವ ಮೊದಲು ನಾಲ್ಕೂ ಗಾಲಿಯ ಹವಾ ಸಮ ಮಾಡಿಸು. ಗಾಡಿ ಎತ್ತಿದ ಮೇಲೆ ಗಾಲಿಯನ್ನು ಎರಡೂ ಕೈಯಿಂದ ಹಿಡಿದು ಅಲ್ಲಾಡಿಸಿ ನೋಡಲು ಮಿಸ್ತ್ರಿಗೆ ಹೇಳು: ಟೈ ರಾಡ್ ತುದಿ, ಬಾಲ್ ಜಾಯಿಂಟ್, ಲೋವರ್ ಆರ್ಮ್ ಬುಷ್, ಬೇರಿಂಗ್. ಇವು ಸಡಿಲ ಇದ್ದರೆ ಅಲೈನ್‌ಮೆಂಟ್ ಮಾಡಿದ್ದು ಮುಂದಿನ ಗುಂಡಿಯ ತನಕ ಮಾತ್ರ. ಕೊನೆಗೆ ಯಂತ್ರದಿಂದ ಬರುವ ಚೀಟಿಯಲ್ಲಿ ಮೊದಲಿನ ಅಳತೆ, ನಂತರದ ಅಳತೆ ಎರಡೂ ಇರಬೇಕು. ಅದನ್ನು ಇಸಿದುಕೊಂಡು ಗಾಡಿಯಲ್ಲೇ ಇಟ್ಟುಕೋ.

ನಿನ್ನಂಥ ಸಣ್ಣ ಕಾರುಗಳಲ್ಲಿ ಬಹುತೇಕ ತಿರುಗಿಸಿ ಸರಿಪಡಿಸಲು ಬರುವುದು ಮುಂಗಾಲಿಯ ಟೋ ಒಂದೇ. ಕ್ಯಾಂಬರ್ ತಪ್ಪಿದೆ ಅಂದರೆ ಯಾವುದೋ ಭಾಗ ಬಾಗಿದೆ ಅಂತ. ಜಾಕ್ ಹಚ್ಚಿ ಒತ್ತಿ ನೆಟ್ಟಗೆ ಮಾಡಿಕೊಡುತ್ತೇನೆ ಅಂದರೆ ಒಪ್ಪಬೇಡ. ಬಾಗಿದ್ದನ್ನು ಹುಡುಕಿ ಬದಲಿಸಲು ಹೇಳು. ಎಂಬತ್ತರ ಮೇಲೆ ಹೋದಾಗ ಸ್ಟೇರಿಂಗ್ ನಡುಗಿದರೆ ಅದು ಸಾಮಾನ್ಯವಾಗಿ ಬ್ಯಾಲೆನ್ಸಿಂಗ್ ಕೆಲಸ, ಅಲೈನ್‌ಮೆಂಟ್ ಅಲ್ಲ. ಎರಡೂ ಒಂದೇ ಅಂದುಕೊಂಡು ಒಂದಕ್ಕೆ ರೊಕ್ಕ ಕೊಟ್ಟು ಇನ್ನೊಂದನ್ನು ಬಿಟ್ಟವರನ್ನು ಎಷ್ಟೋ ಜನ ನೋಡಿದ್ದೇನೆ. ಎಷ್ಟು ಕಿಲೋಮೀಟರಿಗೊಮ್ಮೆ ಮಾಡಿಸಬೇಕು ಅಂತ ಕೇಳಿದರೆ, ನಮ್ಮ ಈ ಹಾದಿಗಳಿಗೆ ನನ್ನ ಲೆಕ್ಕ 5,000.

ಹವಾದ ವಿಷಯದಲ್ಲಿ ನಮ್ಮ ಕಡೆ ಒಂದು ತಪ್ಪು ನಂಬಿಕೆ ಇದೆ: ಬೇಸಿಗೆಯಲ್ಲಿ ಟೈರ್ ಒಡೆಯುತ್ತದೆ, ಅದಕ್ಕೆ ಹವಾ ಕಮ್ಮಿ ಇಡಬೇಕು ಅಂತ. 42, 43 ಡಿಗ್ರಿ ಬಿಸಿಲಿಗೆ ಹೆದರಿ ಹೀಗೆ ಮಾಡುತ್ತಾರೆ. ಆದರೆ ಹವಾ ಕಮ್ಮಿ ಇದ್ದ ಟೈರು ಉರುಳುವಾಗ ಹೆಚ್ಚು ಮಡಚುತ್ತದೆ, ಮಡಚಿದಷ್ಟೂ ಕಾಯುತ್ತದೆ, ಕಾದು ಒಡೆಯುತ್ತದೆ. ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಸ್ಟಿಕ್ಕರ್ ಇರುತ್ತದೆ. ಬೆಳಿಗ್ಗೆ ಗಾಡಿ ತಣ್ಣಗಿರುವಾಗ ಅದರಲ್ಲಿರುವಷ್ಟೇ ಇಡು. ಓಡಿ ಬಂದ ಮೇಲೆ ನಾಲ್ಕೈದು ಪಾಯಿಂಟ್ ಏರಿ ತೋರಿಸಿದರೆ ಬಿಡಿಸಬೇಡ. ಸುಗ್ಗಿಯಲ್ಲಿ ಡಿಕ್ಕಿ ತುಂಬ ತೊಗರಿ ಚೀಲ ಹೇರುವ ದಿನ ಹಿಂದಿನ ಗಾಲಿಗೆ ಎಷ್ಟಿರಬೇಕು ಅಂತಲೂ ಅದೇ ಸ್ಟಿಕ್ಕರಿನಲ್ಲಿ ಬರೆದಿರುತ್ತದೆ.

ಟೈರಿನ ಗೀರಿನೊಳಗೆ ಸಣ್ಣ ದಿಂಡು ಇರುತ್ತದೆ. ರಬ್ಬರು ಸವೆದು ಅದರ ಮಟ್ಟಕ್ಕೆ ಬಂತು ಅಂದರೆ ಉಳಿದಿರುವುದು 1.6 ಮಿಲಿಮೀಟರ್. ಅಲ್ಲಿಗೆ ಆ ಟೈರಿನ ಆಯುಷ್ಯ ಮುಗಿಯಿತು. ಹೊಸದು ಎರಡೇ ಕೊಳ್ಳುವುದಾದರೆ ಹಿಂದಕ್ಕೆ ಹಾಕಿಸಿ, ಹಿಂದಿನ ಒಳ್ಳೆಯವನ್ನು ಮುಂದಕ್ಕೆ ತಾ. ಮಳೆಯಲ್ಲಿ ಹಿಂಗಾಲಿ ಜಾರಿದರೆ ಗಾಡಿ ತಿರುಗಿ ನಿಲ್ಲುತ್ತದೆ. ಸ್ಟೇರಿಂಗಿನಿಂದ ಅದನ್ನು ಹಿಡಿಯುವುದು ಕಷ್ಟ.

ಈ ಭಾನುವಾರ ಚಿಂಚೋಳಿಗೆ ಹೊರಡುವ ಮೊದಲು ಗಾಡಿ ನಮ್ಮ ಮನೆಗೆ ತಾ. ಅಂಗಳಕ್ಕೆ ಹಾಸಿದ ಶಹಾಬಾದ್ ಪರಸಿ ಮಟ್ಟಸವಾಗಿದೆ. ಸ್ಟೇರಿಂಗ್ ನೇರ ಇಟ್ಟು, ಗಾಡಿಯನ್ನು ಎರಡು ಮಾರು ಮುಂದಕ್ಕೆ ನೂಕಿ ನಿಲ್ಲಿಸೋಣ. ಗಾರೆ ಕೆಲಸದವರ ಅಲ್ಯೂಮಿನಿಯಂ ಪಟ್ಟಿ ಎರಡು ನನ್ನ ಹತ್ತಿರ ಇವೆ. ಕೆಳಗೆ ಟೈರು ಉಬ್ಬಿರುವ ಜಾಗ ತಪ್ಪುವ ಹಾಗೆ ಇಟ್ಟಿಗೆ ಮೇಲಿಟ್ಟು, ಎರಡು ಮುಂಗಾಲಿಗಳ ಹೊರಮೈಗೂ ಒಂದೊಂದು ಒತ್ತಿ ನಿಲ್ಲಿಸುತ್ತೇನೆ. ಗಾಲಿಯ ಮುಂದೆ ಆ ಪಟ್ಟಿಗಳ ನಡುವೆ ಎಷ್ಟು, ಹಿಂದೆ ಎಷ್ಟು ಅಂತ ನೀನು ಟೇಪ್ ಹಿಡಿ. ಯಂತ್ರದಷ್ಟು ನಿಖರ ಅಲ್ಲ, ಆದರೆ ಗ್ಯಾರೇಜಿಗೆ ಹೋಗುವ ಮುನ್ನ ಗಾಲಿ ಯಾವ ಕಡೆ ಓರೆ ಅಂತ ನಿನಗೇ ಗೊತ್ತಾಗುತ್ತದೆ. ಬಿಸಿಲೇರುವ ಮೊದಲೇ ಬಾ, ನಾಷ್ಟಾ ಇಲ್ಲೇ ಮಾಡುವಿಯಂತೆ.