ದಾಯಾದಿಯಲ್ಲದ ಒಡಹುಟ್ಟು: ಅಣ್ಣ–ತಂಗಿ ಸಂಬಂಧದ ಭಾಷೆ ಮತ್ತು ಪಾಲು

ಕನ್ನಡದ ಅಣ್ಣ, ತಮ್ಮ, ಅಕ್ಕ, ತಂಗಿ ಎಂಬ ನಾಲ್ಕು ಪದಗಳು ಲಿಂಗವನ್ನು ಸೂಚಿಸುವಂತೆಯೇ ಹಿರಿಕಿರಿತನವನ್ನೂ ಸೂಚಿಸುತ್ತವೆ. ದೊಡ್ಡಪ್ಪ, ಚಿಕ್ಕಪ್ಪ, ದೊಡ್ಡಮ್ಮ, ಚಿಕ್ಕಮ್ಮರ ಮಕ್ಕಳೂ ಇವೇ ಪದಗಳ ವ್ಯಾಪ್ತಿಗೆ ಸೇರುತ್ತಾರೆ. ಸೋದರಮಾವ ಮತ್ತು ಸೋದರತ್ತೆಯ ಮಕ್ಕಳು ಮಾತ್ರ ಸೇರುವುದಿಲ್ಲ. ಅವರು ಮದುವೆಯಾಗಬಲ್ಲ ಸಂಬಂಧಿಗಳು. ಎಂ.ಎನ್. ಶ್ರೀನಿವಾಸ್ ಅವರು 1942ರಲ್ಲಿ ಪ್ರಕಟಿಸಿದ ಮೈಸೂರಿನ ಮದುವೆ ಮತ್ತು ಕುಟುಂಬದ ಅಧ್ಯಯನದಿಂದ ಮೊದಲ್ಗೊಂಡು ಈ ವ್ಯವಸ್ಥೆಯನ್ನು ಕುರಿತು ಸಾಕಷ್ಟು ಚರ್ಚೆ ನಡೆದಿದೆ. ಪ್ರಸ್ತುತ ಲೇಖನದ ಆಸಕ್ತಿಯಾದರೋ ಇನ್ನೂ ಚಿಕ್ಕದೊಂದು ಸಂಗತಿಯಲ್ಲಿದೆ.

‘ಸೋದರ’ ಎಂದರೆ ‘ಸಹೋದರ’ದಂತೆಯೇ ಒಂದೇ ಬಸಿರಿನಲ್ಲಿ ಹುಟ್ಟಿದವನು ಎಂದರ್ಥ. ಆದರೆ ಸೋದರಮಾವ, ಸೋದರತ್ತೆ, ಸೋದರಳಿಯ, ಸೋದರಸೊಸೆ ಎಂಬ ಸಮಾಸಗಳನ್ನು ಗಮನಿಸಿದರೆ, ಅಣ್ಣ–ತಂಗಿ ಅಥವಾ ಅಕ್ಕ–ತಮ್ಮ ಸಂಬಂಧದ ಮೂಲಕ ಹಾದುಬಂದ ನಂಟಿಗೆ ಮಾತ್ರ ಈ ಪದ ಅಂಟಿಕೊಂಡಿರುವುದು ಕಾಣುತ್ತದೆ. ತಂದೆಯ ಅಣ್ಣನೂ ಒಂದೇ ಬಸಿರಿನವನೇ. ಆದರೂ ಯಾರೂ ‘ಸೋದರ ದೊಡ್ಡಪ್ಪ’ ಎನ್ನುವುದಿಲ್ಲ. ಗಂಡು–ಹೆಣ್ಣಿನ ಒಡಹುಟ್ಟಿಗೆ ಭಾಷೆ ಒಂದು ವಿಶೇಷ ಗುರುತನ್ನು ಕಾದಿರಿಸಿದೆ. ಬಸವಣ್ಣನವರ ಅಕ್ಕ ನಾಗಮ್ಮನ ಮಗ ಚೆನ್ನಬಸವಣ್ಣನನ್ನು ಪರಂಪರೆ ಸೋದರಳಿಯನೆಂದೇ ನೆನೆಯುತ್ತದೆ.

ಅಣ್ಣತಮ್ಮಂದಿರ ಪಾಲಿಗೆ ಬಂದಿರುವ ಪದ ಬೇರೆ: ದಾಯಾದಿ. ದಾಯವೆಂದರೆ ಪಿತ್ರಾರ್ಜಿತ; ಅದನ್ನು ಪಡೆಯುವವನು ದಾಯಾದ. “ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು” ಎಂಬ ಗಾದೆ ಎಲ್ಲರಿಗೂ ಗೊತ್ತು. ಈ ಗಾದೆಯಲ್ಲಿ ಅಕ್ಕತಂಗಿಯರಿಲ್ಲ. ಪಾಲು ಇಲ್ಲದವರಿಗೆ ಪಾಲಿನ ಜಗಳವೂ ಇಲ್ಲವಷ್ಟೆ. ನಮ್ಮ ಜನಪದ ಹಾಡುಗಳು ಕೊಂಡಾಡುವ ಅಣ್ಣ–ತಂಗಿಯರ ಅಕ್ಕರೆಗೆ ಈ ಇಲ್ಲದಿರುವಿಕೆಯೂ ಒಂದು ತಳಹದಿಯೆಂದು ಹೇಳಿದರೆ ಕೆಲವರಿಗೆ ಕಟುವೆನಿಸಬಹುದು. ಆದರೂ ಹೇಳಬೇಕಾಗಿದೆ.

ಹೆಣ್ಣುಮಕ್ಕಳಿಗೆ ತವರಿನಿಂದ ಸಲ್ಲುತ್ತಿದ್ದುದು ಪಾಲಲ್ಲ, ಕೊಡುಗೆ. ಗೌರಿಹಬ್ಬದ ಬಾಗಿನ, ಬಾಣಂತನ, ಮಡಿಲಕ್ಕಿ ಇವೆಲ್ಲ ಈ ಬಗೆಯವು. ‘ಬಾಗಿನ’ವು ಕಿವಿಗೆ ‘ಭಾಗ’ದಂತೆ ಕೇಳಿಸಿದರೂ ಅದರ ಮೂಲ ‘ವಾಯನ’, ವ್ರತದ ದಾನ. ಅಪರೂಪಕ್ಕೆ ತುಂಡು ಭೂಮಿ ಕೊಟ್ಟಾಗಲೂ ಅದನ್ನು ‘ಅರಿಶಿನ ಕುಂಕುಮಕ್ಕೆ’ ಕೊಟ್ಟದ್ದೆಂದೇ ಹೇಳುವ ರೂಢಿಯಿದೆ. ಕೊಡುಗೆಯನ್ನು ನಿರೀಕ್ಷಿಸಬಹುದು, ನೆನಪಿಸಬಹುದು; ಹಕ್ಕಿನಿಂದ ಕೇಳಲಾಗದು.

ಕಾನೂನು ಈ ವಿನ್ಯಾಸವನ್ನು ಹಂತಹಂತವಾಗಿ ಬದಲಿಸಿತು. ಶಿವಮೊಗ್ಗವನ್ನು ಒಳಗೊಂಡಿದ್ದ ಮೈಸೂರು ಸಂಸ್ಥಾನದಲ್ಲಿ 1933ರ ಹಿಂದೂ ಮಹಿಳೆಯರ ಹಕ್ಕುಗಳ ಶಾಸನವು, ಸಹೋದರರ ನಡುವೆ ಪಾಲಾದಾಗ ಅವಿವಾಹಿತ ಸಹೋದರಿಗೆ ಸಹೋದರನ ಪಾಲಿನ ನಾಲ್ಕನೆಯ ಒಂದರಷ್ಟನ್ನು ಗೊತ್ತುಪಡಿಸಿತ್ತು. ಕಾಲು ಪಾಲು; ಅದೂ ಮದುವೆಯಾಗದಿದ್ದರೆ. ಕರ್ನಾಟಕದ ತಿದ್ದುಪಡಿಯು 1994ರ ಜುಲೈ 30ರಿಂದ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಪಾಲು ನೀಡಿದರೂ, ಆ ದಿನಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಈ ಭೇದವನ್ನು ತೆಗೆಯಿತು. ಆ ದಿನ ತಂದೆ ಬದುಕಿರಬೇಕಾಗಿರಲಿಲ್ಲ ಎಂಬುದನ್ನು ಸರ್ವೋಚ್ಚ ನ್ಯಾಯಾಲಯ 2020ರ ಆಗಸ್ಟ್ 11ರ ವಿನೀತಾ ಶರ್ಮಾ ಪ್ರಕರಣದಲ್ಲಿ ಖಚಿತಪಡಿಸಿತು. ಹೀಗೆ ತಂಗಿಯೂ ದಾಯಾದಿಯಾದಳು. ಆದರೆ ಆಕೆಯನ್ನು ಹಾಗೆ ಕರೆಯುವ ಮಾತು ಆಡುನುಡಿಯಲ್ಲಿ ಇನ್ನೂ ಹುಟ್ಟಿಲ್ಲ.

ಶಿವಮೊಗ್ಗದ ನವುಲೆಯಂತಹ ಊರುಗಳಲ್ಲಿ ಈ ಅಂತರ ಎದ್ದು ಕಾಣುತ್ತದೆ. ಸವಳಂಗ ರಸ್ತೆಯ ಈ ಹಳ್ಳಿ ಇಂದು ಕೃಷಿ ಕಾಲೇಜು, ಇಂಜಿನಿಯರಿಂಗ್ ಕಾಲೇಜು, ಕ್ರಿಕೆಟ್ ಕ್ರೀಡಾಂಗಣಗಳ ನಗರಭಾಗ. ಎಕರೆ–ಗುಂಟೆಗಳಲ್ಲಿ ಎಣಿಸುತ್ತಿದ್ದ ನೆಲವನ್ನು ನಿವೇಶನದ ಚದರಡಿಗಳಲ್ಲಿ ಎಣಿಸತೊಡಗಿದಾಗ ಪಾಲಿನ ಅರ್ಥವೇ ಬದಲಾಗುತ್ತದೆ. ಗದ್ದೆಯಾಗಿದ್ದಾಗ ದೂರದ ಊರಿನ ತಂಗಿಗೆ ಉಪಯೋಗಕ್ಕೆ ಬಾರದಿದ್ದ ನೆಲ, ನಿವೇಶನವಾದಾಗ ಆಕೆಯ ಮಗಳ ಓದಿನ ಖರ್ಚನ್ನು ತೂಗಬಲ್ಲುದು. ಕೊಳ್ಳುವವನೂ ಎಲ್ಲ ಹಕ್ಕುದಾರರ ಸಹಿ ಕೇಳುತ್ತಾನೆ. ಹಾಗಾಗಿ ಹಕ್ಕು ಬಿಡುಗಡೆ ಪತ್ರ ಸಿದ್ಧವಾಗುತ್ತದೆ.

ಆ ಪತ್ರಕ್ಕೆ ಸಹಿ ಮಾಡುವವಳೆಲ್ಲ ಒತ್ತಾಯಕ್ಕೆ ಮಣಿದವಳೆನ್ನುವುದು ಸರಿಯಲ್ಲ. ಅಣ್ಣನ ಸಾಲವನ್ನು ಬಲ್ಲ ತಂಗಿ ಮನಃಪೂರ್ವಕವಾಗಿಯೇ ಬಿಟ್ಟುಕೊಡಬಹುದು. ತವರಿನ ಬಾಗಿಲು ಮುಚ್ಚೀತೆಂಬ ಅಳುಕಿನಿಂದ ಬಿಟ್ಟುಕೊಟ್ಟವಳ ಸಹಿಯೂ ಕಾಗದದ ಮೇಲೆ ಹಾಗೆಯೇ ಕಾಣುತ್ತದೆ. ಕೊಡುಗೆಯ ದಿಕ್ಕು ಇಲ್ಲಿ ತಿರುಗಿದೆ: ಈಗ ಕೊಡುವವಳು ತಂಗಿ. ಆದರೂ ಅಣ್ಣನನ್ನು ಕೃತಜ್ಞನೆಂದು ಕರೆಯುವ ಆಚರಣೆ ಯಾವ ಹಬ್ಬದಲ್ಲೂ ಇಲ್ಲ; ಪಾಲು ಕೇಳಿದವಳಿಗೆ ಆಸೆಬುರುಕಿಯೆಂಬ ಮಾತು ಮಾತ್ರ ಸಿದ್ಧವಾಗಿರುತ್ತದೆ.

ತಂದೆ ತೀರಿಕೊಂಡ ಮೇಲೆ ಪೌತಿ ಖಾತೆಗಾಗಿ ಸಲ್ಲಿಸುವ ವಂಶವೃಕ್ಷವನ್ನು ನೋಡಿದರೆ ಇನ್ನೊಂದು ಅಂಶ ಹೊಳೆಯುತ್ತದೆ. ಅಲ್ಲಿ ಮದುವೆಯಾಗಿ ಹೋದವಳ ಹೆಸರೂ ಗಂಡುಮಕ್ಕಳ ಹೆಸರುಗಳ ಸಾಲಿನಲ್ಲೇ ಬರುತ್ತದೆ. ಮೃತರೊಡನೆ ಇರುವ ಸಂಬಂಧವೆಂದು ‘ಮಗ’, ‘ಮಗಳು’ ಎಂದು ಬರೆಯಲಾಗುತ್ತದೆ. ಅಣ್ಣ, ತಮ್ಮ, ಅಕ್ಕ, ತಂಗಿ ಎಂಬ ಪದಗಳಿಗೆ ಅಲ್ಲಿ ಜಾಗವಿಲ್ಲ.