ಭದ್ರಾವತಿಯ ಪ್ರಶ್ನೆ, ದೆಹಲಿಯ ಮತ

ಭದ್ರಾವತಿಯಲ್ಲಿ ಸಂಸದರು ಮೈಕ್ ಹಿಡಿದರೆ ವಿಐಎಸ್‌ಎಲ್ ವಿಷಯದಿಂದ ನುಣುಚಿಕೊಳ್ಳುವಂತಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಹೊತ್ತ ಈ ಉಕ್ಕಿನ ಕಾರ್ಖಾನೆ 1998ರಲ್ಲಿ ಕೇಂದ್ರ ಸರ್ಕಾರಿ ಸ್ವಾಮ್ಯದ ಉಕ್ಕು ಸಂಸ್ಥೆ ಸೈಲ್‌ನಲ್ಲಿ ವಿಲೀನವಾಯಿತು. 2023ರ ಜನವರಿಯಲ್ಲಿ ಅದನ್ನು ಮುಚ್ಚುವ ನಿರ್ಧಾರ ಹೊರಬಿದ್ದಾಗ ಕಾರ್ಮಿಕರು ಹೋರಾಟಕ್ಕಿಳಿದರು. ವಿಚಿತ್ರವೆಂದರೆ, ಊರಿನ ಹೊಟ್ಟೆಪಾಡಿನ ಇಂಥ ನಿರ್ಧಾರ ಸದನದಲ್ಲಿ ಮತಕ್ಕೇ ಬರುವುದಿಲ್ಲ. ಅದು ಆಡಳಿತದ ಕಡತ. ಸಂಸದರಿಗೆ ಉಳಿಯುವುದು ಪ್ರಶ್ನೋತ್ತರ ವೇಳೆ, ಶೂನ್ಯವೇಳೆ ಮತ್ತು ಸಚಿವರ ಭೇಟಿ.

ಹಾಗಾದರೆ ಮತದ ಲೆಕ್ಕ ಕೇಳುವುದು ಹೇಗೆ?

ಸಂವಿಧಾನದ 100ನೇ ವಿಧಿಯಂತೆ (ರಾಜ್ಯ ಶಾಸಕಾಂಗಕ್ಕೆ 189) ಹಾಜರಿದ್ದು ಮತ ಹಾಕುವವರ ಬಹುಮತವೇ ಸಾಮಾನ್ಯ ನಿಯಮ. ಸಮಬಲವಾದಾಗ ಮಾತ್ರ ಸ್ಪೀಕರ್ ನಿರ್ಣಾಯಕ ಮತ ಚಲಾಯಿಸುತ್ತಾರೆ. ಧ್ವನಿಮತದಲ್ಲಿ ಯಾರು ಏನೆಂದರೆಂಬುದು ದಾಖಲಾಗದು. ಮತವಿಭಜನೆ ನಡೆದರಷ್ಟೇ ಅಂಕಿ ಸಿಗುತ್ತದೆ. 2023ರ ಸೆಪ್ಟೆಂಬರ್ 20ರಂದು ಮಹಿಳಾ ಮೀಸಲಾತಿ ಮಸೂದೆಗೆ ಲೋಕಸಭೆಯಲ್ಲಿ ಪರವಾಗಿ 454, ವಿರೋಧವಾಗಿ 2 ಮತ ಬಿದ್ದವು. ಪಕ್ಷದ ವಿಪ್ (ಮತದಾನದ ಆದೇಶ) ಉಲ್ಲಂಘಿಸಿದರೆ 1985ರ 52ನೇ ತಿದ್ದುಪಡಿ ತಂದ 10ನೇ ಅನುಸೂಚಿ ಸದಸ್ಯತ್ವಕ್ಕೇ ಕುತ್ತು ತರಬಹುದು. ‘ನಮ್ಮ ಸಂಸದರ ಸ್ವಂತ ನಿಲುವು’ ಎನ್ನುವ ಮುನ್ನ ಇದು ನೆನಪಿರಲಿ.

ಪರೀಕ್ಷಾ ಅಭ್ಯರ್ಥಿಗಳು ಎಡವುವ ಜಾಗ: ಭದ್ರಾವತಿಯೂ ಸೇರಿದ, ಬಿ.ವೈ. ರಾಘವೇಂದ್ರ 2024ರಲ್ಲಿ ಮತ್ತೆ ಗೆದ್ದ ಶಿವಮೊಗ್ಗ ಲೋಕಸಭಾ ಕ್ಷೇತ್ರದ 8 ವಿಧಾನಸಭಾ ಕ್ಷೇತ್ರಗಳಲ್ಲಿ ಬೈಂದೂರು ಇರುವುದು ಉಡುಪಿ ಜಿಲ್ಲೆಯಲ್ಲಿ.